ಮುಂದೆ ಹೋಗಮ್ಮಾ, ಬಾತುಕೋಳಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯ ವೇಗದ ಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ದೋಣಿಗಳನ್ನು ದಾಟುವಾಗ ಅದನ್ನೂ ಇಳಿಸಬೇಕು, ಇಲ್ಲದಿದ್ದರೆ ಒಳಗಿನವರ ಚಹಾ ಚೆಲ್ಲುತ್ತದೆ. ಅಳಿಯಂದಿರು ಬಾಡಿಗೆಗೆ ಹಿಡಿದ ದೋಣಿಯ ಚುಕ್ಕಾಣಿ ನನ್ನ ಪಾಲಿಗೆ ಬಂತು. ಎಡಕ್ಕೆ ಹೋಗಬೇಕಾದರೆ ಅದನ್ನು ಬಲಕ್ಕೆ ತಳ್ಳಬೇಕು. ಹೇಳಿದ್ದಕ್ಕೆ ಉಲ್ಟಾ ಮಾಡುವ ಅಭ್ಯಾಸ ಹಳೆಯದಾದ್ದರಿಂದ ಬೇಗ ಒಗ್ಗಿತು. ಹಡಗಿನ ಕಪ್ತಾನನ ಠೀವಿಯಲ್ಲಿ ನಿಂತೆ. ಬಾತುಕೋಳಿಯೊಂದು ಮರಿಗಳ ಸಮೇತ ನಮ್ಮನ್ನು ಹಿಂದೆ ಹಾಕಿತು. ದಡದಲ್ಲಿ ಕೋಲೂರಿಕೊಂಡು ಹೊರಟಿದ್ದ ಅಜ್ಜಿಯೂ ಟಾಟಾ ಮಾಡಿ ಮುಂದೆ ಹೋದರು.

ನಾವು ಹೊರಟಿದ್ದ ಡಿವೈಜಸ್ ಎಂಬ ಪುಟ್ಟ ಪೇಟೆ ಗುಡ್ಡದ ಮೇಲಿದೆ. ನಡುವೆ ಕೇನ್ ಹಿಲ್: 2 ಮೈಲಿಯಲ್ಲಿ 29 ಲಾಕುಗಳು (ನೀರು ತುಂಬಿಸಿ ದೋಣಿ ಮೇಲೇರಿಸುವ ತೊಟ್ಟಿಗಳು), 237 ಅಡಿ ಏರು. 1810ರಲ್ಲಿ ಕಾಲುವೆ ತೆರೆದವರು ನನ್ನ ಸೊಂಟದ ವಿಚಾರ ಯೋಚಿಸಿದಂತಿಲ್ಲ. ದೋಣಿ ಒಳಗೆ ಬಿಡು, ಬಾಗಿಲು ಮುಚ್ಚು, ಹಿಡಿಕೆ ತಿರುವಿ ತೂಬು ಎತ್ತು, ನೀರು ತುಂಬುವ ತನಕ ಕಾಯಿ, ತೊಲೆಗೆ ಬೆನ್ನು ಕೊಟ್ಟು ಮುಂದಿನ ಬಾಗಿಲು ತಳ್ಳು. ಮತ್ತೆ ಅದೇ. ಮತ್ತೂ ಅದೇ. ತಿರುಪತಿ ಬೆಟ್ಟ ಹತ್ತಿದರೆ ಕೊನೆಗೆ ಲಡ್ಡಾದರೂ ಸಿಗುತ್ತದೆ.

“ಪೇಟೆಗೆ ಹೋಗಿ ಬ್ರೆಡ್ಡು ತರ್ತೀನಿ” ಎಂದು ನನ್ನಾಕೆ ಇಳಿದು ನಡೆದಳು. ಬ್ರೆಡ್ಡು ಕೊಂಡು, ಬೀದಿಯೆಲ್ಲ ಸುತ್ತಿ, ಒಂದು ಸ್ವೆಟರಿಗೆ ಚೌಕಾಸಿ ಮಾಡಿ ಸೋತು ತಿರುಗಿ ಬಂದಳು. “ಇನ್ನೂ ಇಲ್ಲೇ ಇದ್ದೀರಾ?” ಉತ್ತರಿಸಲು ಉಸಿರಿರಲಿಲ್ಲ.

ಅಂತೂ ಮೇಲೆ ತಲುಪುವಾಗ ಅಂಗಡಿಗಳಿಗೆಲ್ಲ ಬೀಗ. ದೋಣಿ ಕಟ್ಟುತ್ತಾ ಅಳಿಯಂದಿರು ಮೆತ್ತಗೆ ಹೇಳಿದರು: “ಮಾವ, ನಾಳೆ ದೋಣಿ ಒಪ್ಪಿಸಬೇಕಾಗಿರೋದು ಕೆಳಗೆ.”