ಕೌಟು ಮೀಮಾಂಸೆ: ಎರಡನೇ ಭಾಗ

ಇದು ಈ ಪ್ರಬಂಧದ ಎರಡನೇ ಭಾಗ. ಮೊದಲನೆಯದನ್ನು ಯಾರೂ ಓದಿಲ್ಲ, ಏಕೆಂದರೆ ನಾನು ಅದನ್ನು ಬರೆದೇ ಇಲ್ಲ. ಆದ್ದರಿಂದ ‘ಮೊದಲಿನಷ್ಟು ಚೆನ್ನಾಗಿಲ್ಲ’ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿಲ್ಲ. ಇಷ್ಟು ಮುನ್ನೆಚ್ಚರಿಕೆಯನ್ನು ನಮ್ಮ ಗಾಂಧಿನಗರದವರು ವಹಿಸಿದ್ದರೆ ಎಷ್ಟೋ ನಿರ್ಮಾಪಕರ ಸೈಟು ಉಳಿಯುತ್ತಿತ್ತು.

ಎರಡನೇ ಭಾಗ, ಮೂರನೇ ಭಾಗ, ಹಳೇ ಹೆಸರಿಟ್ಟುಕೊಂಡ ಹೊಸ ಪಿಚ್ಚರು ಇವೆಲ್ಲ ಕೆಡುವುದೇಕೆ, ಕೆಟ್ಟಿದ್ದು ಗೊತ್ತಾದ ಮೇಲೂ ಹುಳಿಯಾರು ಹೋಬಳಿಯ ಪ್ರೇಕ್ಷಕ ಎದ್ದು ಬಾರದೆ ಕೂತಿರುವುದೇಕೆ ಎಂಬುದು ಇಲ್ಲಿನ ಜಿಜ್ಞಾಸೆ. ಅಧ್ಯಯನದ ವ್ಯಾಪ್ತಿ ಇತ್ತ ಬೋರನಕಣಿವೆಯಿಂದ ಅತ್ತ ಹಂದನಕೆರೆಯವರೆಗೆ. ಸಮೀಕ್ಷೆಗೆ ಒಳಪಟ್ಟವರ ಸಂಖ್ಯೆ ಟೀ ಅಂಗಡಿಯ ಬೆಂಚಿನ ಮೇಲೆ ಹಿಡಿಸಿದಷ್ಟು. ಪ್ರಧಾನ ಮಾಹಿತಿದಾರರು ನಮ್ಮ ಸೋದರಮಾವ. ತೋಟ, ಅಟ್ಟ, ಟೀವಿ ಮೂರನ್ನೂ ಉಳ್ಳವರು.

ಮೊದಲು ಪರಿಭಾಷೆ. ಬಲಿತ ತೆಂಗಿನಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆಗ ಸುಲಿದು, ಕರಟ ಒಡೆದರೆ ಉಂಡೆ ಕೊಬ್ಬರಿ. ತಿಪಟೂರಿನ ಹರಾಜಿಗೆ ಹೋಗುವುದು ಇದೇ. ಆದರೆ ಲೊಟಲೊಟ ಎಂದದ್ದೆಲ್ಲ ಒಳ್ಳೇದೇ ಆಗಿರಬೇಕೆಂದಿಲ್ಲ. ಒಡೆದಾಗ ಕೆಲವು ಹಳದಿ ತಿರುಗಿರುತ್ತವೆ, ಮೂಗಿಗೆ ಮೊದಲೇ ಸುದ್ದಿ ಮುಟ್ಟಿರುತ್ತದೆ. ಅದು ಕೌಟು. ಕೌಟು ಕೊಬ್ಬರಿಯನ್ನು ಹುಳಿಯಾರಿನಲ್ಲಿ ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಬೇರೆ ಚೀಲಕ್ಕೆ ಹಾಕಿ ಎಣ್ಣೆ ಗಾಣಕ್ಕೆ ಕಳಿಸುತ್ತಾರೆ. ಎಣ್ಣೆ ಬರುತ್ತದೆ, ಹಿಂಡಿ ದನಕ್ಕಾಗುತ್ತದೆ. ಈ ಪ್ರಬಂಧದ ಸಿದ್ಧಾಂತವನ್ನು ನಾನು ಇಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಪೂರ್ವಪಕ್ಷವಿಲ್ಲದ ಸಿದ್ಧಾಂತ ಮೊದಲ ಭಾಗವಿಲ್ಲದ ಎರಡನೇ ಭಾಗವಿದ್ದಂತೆ.

ಎರಡನೇ ಭಾಗದ ಕೊರಗು ಕನ್ನಡ ನಾಡಿಗೆ ಸಿನಿಮಾದಿಂದ ಬಂದದ್ದಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಮಹಾಪುರಾಣ ಬರೆಯಲು ಹಿಡಿದರು. 42 ಪರ್ವ ಮುಗಿದು 43ನೆಯದರ ಹೊಸ್ತಿಲಲ್ಲಿ ತೀರಿಕೊಂಡರು. ಮುಂದಿನದನ್ನು ಶಿಷ್ಯ ಗುಣಭದ್ರಾಚಾರ್ಯರು ಕೈಗೆತ್ತಿಕೊಂಡರು. ಎತ್ತಿಕೊಳ್ಳುತ್ತಲೇ, ಕಬ್ಬಿನಲ್ಲಿ ರಸವಿರುವುದು ಬುಡದ ಅರ್ಧದಲ್ಲೇ, ಮೇಲಿನದು ಹೇಗಾಗುತ್ತದೋ ಆಗಲಿ ಎಂಬರ್ಥದ ಮಾತನ್ನು ಹೇಳಿ ಕೈತೊಳೆದುಕೊಂಡರು. ಎರಡನೇ ಭಾಗದ ಟ್ರೈಲರಿನಲ್ಲೇ ಕ್ಷಮೆ ಕೇಳಿದ ಏಕೈಕ ಮಹಾನುಭಾವರು ಇವರು. ಅನುಮಾನ ಸುಳ್ಳಾಗಲಿಲ್ಲ. 941ರಲ್ಲಿ ಪಂಪ ‘ಆದಿಪುರಾಣ’ ಬರೆಯಲು ಕೂತಾಗ ಆರಿಸಿಕೊಂಡದ್ದು ಆದಿನಾಥನ ಕಥೆಯನ್ನು, ಅಂದರೆ ಕಬ್ಬಿನ ಬುಡವನ್ನು. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಜ್ಞೆಯಂತೆ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ನಮ್ಮೂರ ಗುಡಿಯ ಗಮಕದಲ್ಲಿ ಕುಮಾರವ್ಯಾಸನನ್ನು ನಾನು ಎಷ್ಟು ರಾತ್ರಿ ಕೇಳಿದ್ದೇನೋ ಲೆಕ್ಕವಿಲ್ಲ, ತಿಮ್ಮಣ್ಣನನ್ನು ಒಂದು ಮಧ್ಯಾಹ್ನವೂ ಕೇಳಿದ್ದಿಲ್ಲ. ರಾಯರೇ ದುಡ್ಡು ಹಾಕಿದ್ದರೂ ಓಡದ ಚಿತ್ರ ಅದು.

ಇನ್ನು ಶಾಸ್ತ್ರ. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ.ಶ್ರೀಕಂಠಯ್ಯನವರು ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನವರೇ. ಅವರ ಹೆಸರಿನ ‘ತೀ’ ಎಂದರೆ ಇಲ್ಲೇ ಇರುವ ತೀರ್ಥಪುರ. ಆದ್ದರಿಂದ ರಸದ ವಿಚಾರ ಮಾತಾಡಲು ನಮಗೆ ಬೇರೆ ಜಿಲ್ಲೆಯವರ ಅಪ್ಪಣೆ ಬೇಕಿಲ್ಲ. ರಸಾನುಭವಕ್ಕೆ ಅಡ್ಡ ಬರುವ ವಿಘ್ನಗಳನ್ನು ಅಭಿನವಗುಪ್ತ ಏಳೆಂದು ಎಣಿಸಿದ್ದಾನೆ. ಕಥೆ ನಂಬುವಂತಿರದಿದ್ದರೆ ವಿಘ್ನ, ನೋಡುವವನು ತನ್ನದೇ ಸುಖದುಃಖದಲ್ಲಿ ಮುಳುಗಿದ್ದರೆ ವಿಘ್ನ, ಹೀಗೆ. ಪಾಪ, ಕಾಶ್ಮೀರದವನು, ಸಿನಿಮಾ ನೋಡಿದವನಲ್ಲ. ಎಂಟನೆಯದನ್ನು ಸೇರಿಸುವ ಭಾಗ್ಯ ನನಗೆ ಬಂದಿದೆ: ಪೂರ್ವಭಾಗಸ್ಮರಣ. ಮೊದಲ ಭಾಗ ನೋಡಿದ್ದು ನೆನಪಿರುವುದು.

‘ಮುಂಗಾರು ಮಳೆ 2’ ಇದಕ್ಕೆ ಶುದ್ಧ ಉದಾಹರಣೆ. 2006ರ ಡಿಸೆಂಬರ್ ಕೊನೆಯಲ್ಲಿ ಬಂದ ಮೊದಲನೆಯದರಲ್ಲಿ ಯೋಗರಾಜ ಭಟ್ಟರಿದ್ದರು, ಗಣೇಶ್ ಇದ್ದರು, ದೇವದಾಸನೆಂಬ ಮೊಲವಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಮಳೆಯಿತ್ತು. ಬೋರ್‌ವೆಲ್ ಎಷ್ಟು ಇಂಚು ನೀರು ಕೊಟ್ಟಿತು ಎಂದು ಕೇಳಿ ಹೆಣ್ಣು ಕೊಡುವ ನಮ್ಮ ಸೀಮೆಯವರು ಆ ಪಿಚ್ಚರನ್ನು ಪ್ರೇಮಕಥೆಯೆಂದು ನೋಡಲಿಲ್ಲ. ಕಣ್ತುಂಬ ಮಳೆ ನೋಡಿಕೊಂಡು ಬಂದರು. 2016ರಲ್ಲಿ ಶಶಾಂಕ್ ನಿರ್ದೇಶನದಲ್ಲಿ ಎರಡನೆಯದು ಬಂದಾಗ ಮಾವ ಎತ್ತಿದ ಆಕ್ಷೇಪ ಪಂಚಾಂಗದ್ದು: ‘ಮುಂಗಾರು ಆದ್ಮೇಲೆ ಹಿಂಗಾರು ಕಣೋ ಅಳಿಯ. ವರ್ಷಕ್ಕೆ ಎರಡು ಮುಂಗಾರು ಎಲ್ಲದೆ?’ ವಿಮರ್ಶಕರು ಯಾರೂ ಈ ಮೂಲಭೂತ ದೋಷವನ್ನು ಗುರುತಿಸಲಿಲ್ಲ.

ಆದರೆ ಪೂರ್ವಭಾಗಸ್ಮರಣವೆಂಬ ವಿಘ್ನ ಹುಳಿಯಾರಿನಲ್ಲಿ ನಡೆಯುವುದು ಕಷ್ಟ. ಕಾರಣ, ಇಲ್ಲಿ ಯಾವುದೂ ಸರಿಯಾದ ವರಸೆಯಲ್ಲಿ ಬಂದದ್ದೇ ಇಲ್ಲ. ನನ್ನ ಬಾಲ್ಯದ ಟೆಂಟನ್ನೇ ತೆಗೆದುಕೊಳ್ಳಿ. ಘಂಟಸಾಲ ಅವರ ‘ನಮೋ ವೆಂಕಟೇಶಾ’ ಹಾಕಿದರೆಂದರೆ ಟಿಕೆಟ್ಟು ಶುರು. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ನೆಲದಲ್ಲಿ ಮರಳು ಗುಡ್ಡೆ ಮಾಡಿಕೊಂಡು ಎತ್ತರವಾಗಿ ಕೂರುವವನು ಜಾಣ. ಒಂದೇ ಪ್ರೊಜೆಕ್ಟರ್ ಆದ್ದರಿಂದ ರೀಲು ಮುಗಿದಾಗಲೆಲ್ಲ ಒಂದು ಪುಟ್ಟ ವಿರಾಮ. ಡಬ್ಬಗಳು ಬೆಂಗಳೂರು, ತುಮಕೂರು, ತಿಪಟೂರು ಎಂದು ಊರೂರು ಸವೆಸಿ ಬಸ್ಸಿನ ಟಾಪ್ ಮೇಲೆ ಹುಳಿಯಾರಿಗೆ ಬರುವ ಹೊತ್ತಿಗೆ ಚಿತ್ರದಲ್ಲಿ ಮಳೆ ಇರದಿದ್ದರೂ ಪರದೆಯ ಮೇಲೆ ಮಳೆ ಸುರಿಯುತ್ತಿತ್ತು. 1968ರ ‘ಜೇಡರ ಬಲೆ’, ಅದೇ ವರ್ಷದ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷದ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಎಂಬ ದೊರೈ-ಭಗವಾನ್ ಸರಣಿಯನ್ನು ನಮ್ಮ ಮಾವ ಹಿಂದುಮುಂದಾಗಿ ನೋಡಿದರು. ಕೊನೆಯದನ್ನು ಮೊದಲು, ಮೊದಲನೆಯದನ್ನು ಕೊನೆಗೆ. ರಾಜಣ್ಣ ಪಿಚ್ಚರಿಂದ ಪಿಚ್ಚರಿಗೆ ಚಿಕ್ಕವರಾಗುತ್ತ ಹೋದದ್ದು ಅವರಿಗೆ ಯೋಗಾಸನದ ಫಲವೆಂದು ತೋರಿತೇ ಹೊರತು ಕಾಲಕ್ರಮದ ಪ್ರಶ್ನೆ ಏಳಲಿಲ್ಲ.

‘ನಾಗರಹಾವು’ ವಿಷಯವನ್ನು ಸಾವಧಾನವಾಗಿ ನೋಡಬೇಕು, ಏಕೆಂದರೆ ಈ ಪ್ರಬಂಧ ನಿಂತಿರುವುದೇ ಅದರ ಹೆಡೆಯ ಮೇಲೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದೇ ಬುಟ್ಟಿಗೆ ಹಾಕಿ ತೆಗೆದ ಚಿತ್ರ. ವಿಷ್ಣುವರ್ಧನ್ ನಾಯಕನಾದದ್ದು, ಅಂಬರೀಶ್ ಮೊದಲ ಬಾರಿಗೆ ಪರದೆಗೆ ಬಂದದ್ದು ಅದರಲ್ಲೇ. ಹುಳಿಯಾರಿನಲ್ಲಿ ಮಾವ ನೋಡಿದ ದಿನ ಟೆಂಟಿನವರು ರೀಲು ಅದಲುಬದಲು ಮಾಡಿದ್ದರು. ಚಾಮಯ್ಯ ಮೇಷ್ಟ್ರು ಬೆಟ್ಟದಿಂದ ಬಿದ್ದು ಸತ್ತರು, ಹೆಂಗಸರೆಲ್ಲ ಸೆರಗಿಗೆ ಕಣ್ಣೊರೆಸಿಕೊಂಡರು, ಆಮೇಲಿನ ರೀಲಿನಲ್ಲಿ ಅದೇ ಮೇಷ್ಟ್ರು ಕೊಡೆ ಹಿಡಿದುಕೊಂಡು ಬಂದು ರಾಮಾಚಾರಿಗೆ ಬುದ್ಧಿ ಹೇಳತೊಡಗಿದರು. ನೆಲದಲ್ಲಿ ಒಬ್ಬರೂ ಶಿಳ್ಳೆ ಹಾಕಲಿಲ್ಲ. ‘ಮೇಷ್ಟ್ರು ಕಣೋ. ಸತ್ರೂ ಬುದ್ಧಿ ಹೇಳದು ಬಿಡ್ತಾರಾ?’ ಎಂದು ಮಾವ ಇವತ್ತಿಗೂ ಆ ಪಾಠಾಂತರವನ್ನು ಸಮರ್ಥಿಸುತ್ತಾರೆ. ನನ್ನ ಮಟ್ಟಿಗೆ ಪುಟ್ಟಣ್ಣನವರ ಪಾಠಕ್ಕಿಂತ ಹುಳಿಯಾರು ಪಾಠವೇ ಗಟ್ಟಿ.

ಇಲ್ಲೊಂದು ತೊಡಕಿದೆ. ನಾವೆಲ್ಲ ಮೇರುಕೃತಿ ಎಂದು ಕೈಮುಗಿಯುವ ಆ ಚಿತ್ರವನ್ನು ನೋಡಿ, ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟಿದ್ದಾರೆ ಎಂದು ತ.ರಾ.ಸು. ನೊಂದುಕೊಂಡರಂತೆ. ಈ ಮಾತು ಚಿತ್ರದಷ್ಟೇ ಚಾಲ್ತಿಯಲ್ಲಿದೆ. ಅಂದರೆ ಕಾದಂಬರಿ ಬರೆದವರ ಪಾಲಿಗೆ ಅದೇ ಕೌಟು! ಹಾಗಾದರೆ ಮೂಲ ಎನ್ನುವುದು ಯಾವುದು? ಯಾರು ಯಾವುದನ್ನು ಮೊದಲು ನೋಡಿದರೋ ಅವರಿಗೆ ಅದು. ಇದಕ್ಕೆ ಆಚೆ ದೇಶದ ಸಾಕ್ಷಿಯೂ ಉಂಟು. 1978ರಲ್ಲಿ ಅಮೆರಿಕದಲ್ಲಿ ‘ಗ್ರೀಸ್’ ಎಂಬ ಹಾಡುಕುಣಿತದ ಚಿತ್ರ ಓಡಿತು. 1982ರಲ್ಲಿ ಅದರ ಎರಡನೇ ಭಾಗ ಬಂದು ಬೈಸಿಕೊಂಡಿತು. ಆ ಬೈಸಿಕೊಂಡ ಎರಡನೇ ಭಾಗದಿಂದಲೇ ಸ್ಫೂರ್ತಿ ಪಡೆದು ರವಿಚಂದ್ರನ್ 1987ರಲ್ಲಿ ‘ಪ್ರೇಮಲೋಕ’ ಮಾಡಿದರು. ಹಂಸಲೇಖ ಹಾಡು ಕೊಟ್ಟರು. ಆ ವರ್ಷ ನಮ್ಮ ಕಾಲೇಜಿನ ಹುಡುಗರೆಲ್ಲ ಅಪ್ಪನ ಲೂನಾ ಮೇಲೆ ಕೂತು ಜೂಹಿ ಚಾವ್ಲಾಗೆ ಕಾದರು. ಅವರ ಕೌಟಿನಿಂದ ನಾವು ತೆಗೆದ ಎಣ್ಣೆ ಅದು. ಇನ್ನೂ ದೀಪ ಉರಿಯುತ್ತಿದೆ.

ಹಾವಿನ ಸಂತಾನಕ್ಕೆ ಮರಳೋಣ. 2002ರಲ್ಲಿ ಉಪೇಂದ್ರರ ‘ನಾಗರಹಾವು’ ಬಂತು. ಅದರಲ್ಲಿ ರಾಮಾಚಾರಿಯಿಲ್ಲ, ದುರ್ಗವಿಲ್ಲ, ಒನಕೆಯಿಲ್ಲ. ಅದು ಹಿಂದಿಯ ‘ಬಾಜಿಗರ್’ ರೀಮೇಕು. ಸಂಬಂಧ ಹೆಸರಿನದು ಮಾತ್ರ, ನಮ್ಮೂರ ಪಡಿತರ ಚೀಟಿಯಲ್ಲಿ ಆಗುವಂತೆ. 2016ರಲ್ಲಿ ಕೋಡಿ ರಾಮಕೃಷ್ಣ ಅವರ ‘ನಾಗರಹಾವು’. ಇದರಲ್ಲಿ ನಿಜವಾದ ಹಾವಿತ್ತು, ರಮ್ಯಾ ಇದ್ದರು, ಎಲ್ಲಕ್ಕಿಂತ ಮಿಗಿಲಾಗಿ 2009ರ ಡಿಸೆಂಬರ್ 30ರಂದು ತೀರಿಹೋಗಿದ್ದ ವಿಷ್ಣುವರ್ಧನ್ ಕಂಪ್ಯೂಟರಿನಿಂದ ಮರಳಿ ಬಂದಿದ್ದರು. ಮುಖ ಅವರದೇ, ಆದರೆ ಮೇಣ ಸವರಿದಂತಿತ್ತು. ಕಣ್ಣು ಎಲ್ಲೋ, ನೋಟ ಎಲ್ಲೋ. ಪಟ್ಟಣದವರು ನಕ್ಕರು. ಶಾಸ್ತ್ರದ ಪ್ರಕಾರ ನಕ್ಕದ್ದು ಸರಿಯೇ: ರಾವಣನಿಗೆ ಸೀತೆಯ ಮೇಲಿದ್ದದ್ದು ಶೃಂಗಾರವಲ್ಲ, ಶೃಂಗಾರದ ಆಭಾಸ, ಆಭಾಸ ನೋಡುವವನಲ್ಲಿ ಹಾಸ್ಯ ಹುಟ್ಟಿಸುತ್ತದೆ ಎನ್ನುತ್ತಾರೆ. ಮಾವ ಮಾತ್ರ ನಗಲಿಲ್ಲ. ಸತ್ತ ಮೇಷ್ಟ್ರು ಕೊಡೆ ಹಿಡಿದು ಬಂದಿದ್ದನ್ನು ನೋಡಿದವರು. ಈಗ ಶಿಷ್ಯ ಬಂದಿದ್ದಾನೆ, ಅದರಲ್ಲೇನು?

ಇಂಥ ಪ್ರೇಕ್ಷಕ ತಯಾರಾಗುವುದು ಚಿತ್ರಮಂದಿರದಲ್ಲಲ್ಲ, ‘ಕುರುಕ್ಷೇತ್ರ’ ನಾಟಕದ ಪೆಂಡಾಲಿನಲ್ಲಿ. ಹಬ್ಬ ಜಾತ್ರೆ ಬಂತೆಂದರೆ ನಮ್ಮ ಕಡೆ ಊರೂರಲ್ಲೂ ಅದೇ ನಾಟಕ, ಅದೇ ಕಂದಪದ್ಯ, ಬಾಡಿಗೆ ಸೀನರಿ, ಬಾಡಿಗೆ ಕಿರೀಟ. ಬದಲಾಗುವುದು ದುರ್ಯೋಧನ ಮಾತ್ರ, ಏಕೆಂದರೆ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಆ ವರ್ಷ ಯಾರ ಕೊಬ್ಬರಿಗೆ ಒಳ್ಳೇ ರೇಟು ಸಿಕ್ಕಿತೋ ಅವರು ಕೌರವೇಶ್ವರ. ಕೊಬ್ಬರಿ ಬಿದ್ದುಹೋದ ವರ್ಷ ಗುತ್ತಿಗೆದಾರರು. ಮಾತು ಮರೆತರೆ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆಯ ಹಿಂದಿನಿಂದ ಹೇಳಿಕೊಡುತ್ತಾರೆ, ಅದು ಮೈಕಿನಲ್ಲಿ ಊರಿಗೆಲ್ಲ ಕೇಳಿಸುತ್ತದೆ, ದುರ್ಯೋಧನ ಮತ್ತೆ ಅದನ್ನೇ ಹೇಳುತ್ತಾನೆ. ಹೀಗೆ ಪ್ರತಿ ಮಾತಿಗೂ ಎರಡು ಭಾಗ. ತೊಡೆ ಮುರಿದು ಬಿದ್ದಿರುವ ಹೊತ್ತಿಗೆ ಸರಿಯಾಗಿ ‘ದುರ್ಯೋಧನ ಪಾತ್ರಧಾರಿಗಳಿಗೆ ಅವರ ಭಾಮೈದುನರಿಂದ ಐನೂರೊಂದು ರೂಪಾಯಿ ಮುಯ್ಯಿ’ ಎಂದು ಕೂಗುತ್ತಾರೆ. ಕೌರವ ಎದ್ದು ನಿಂತು, ನೋಟಿನ ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು, ಮತ್ತೆ ಮಲಗಿ ಸಾಯುತ್ತಾನೆ. ಯಾರೋ ‘ಒನ್ಸ್ ಮೋರ್’ ಎಂದರೆ ಮತ್ತೊಮ್ಮೆ. ಬೆಳಗಿನ ಜಾವದ ಚಳಿಯಲ್ಲಿ ಕಂಬಳಿ ಹೊದ್ದು ಕೂತ ಜನಕ್ಕೆ ಕಥೆ ಗೊತ್ತು, ಪದ್ಯ ಗೊತ್ತು, ಎಲ್ಲಿ ತಪ್ಪುತ್ತಾನೆ ಎಂಬುದೂ ಗೊತ್ತು. ತಪ್ಪಲಿ ಎಂದೇ ಕಾದಿರುತ್ತಾರೆ. ತಪ್ಪದಿದ್ದರೆ ಬೆಳಗ್ಗೆ ಟೀ ಅಂಗಡಿಯಲ್ಲಿ ಮಾತಾಡಲು ಏನಿದೆ?

ಸಿದ್ಧಾಂತಕ್ಕೆ ಒಂದು ಆಕ್ಷೇಪ ಉಳಿದಿದೆ: ‘ಆಪ್ತರಕ್ಷಕ’. ಎರಡನೇ ಭಾಗವಾಗಿದ್ದೂ ಅದು ಚೆನ್ನಾಗಿ ಓಡಿತಲ್ಲ? ಓಡಿತು. 2004ರ ‘ಆಪ್ತಮಿತ್ರ’ ತೆರೆಕಾಣುವ ಮೊದಲೇ ಸೌಂದರ್ಯ ವಿಮಾನ ಅಪಘಾತದಲ್ಲಿ ಹೋಗಿದ್ದರು. 2010ರ ಫೆಬ್ರವರಿಯಲ್ಲಿ ‘ಆಪ್ತರಕ್ಷಕ’ ಬರುವಷ್ಟರಲ್ಲಿ ವಿಷ್ಣು ಹೋಗಿದ್ದರು. ಜನ ಹೋದದ್ದು ಚಿತ್ರ ಹೇಗಿದೆ ನೋಡಲಿಕ್ಕಲ್ಲ. ಮಾವ ಅವತ್ತು ಒಗೆದ ಪಂಚೆ ಉಟ್ಟುಕೊಂಡು ಹೋಗಿ, ಬಂದು ಸ್ನಾನ ಮಾಡಿದರು. ಅದಕ್ಕೆ ಇಲ್ಲಿ ವಿಮರ್ಶೆ ಸಲ್ಲದು; ಆ ಕಾಯನ್ನು ನಾನು ಬೇರೆ ಇಟ್ಟಿದ್ದೇನೆ.

ಈ ಪ್ರಬಂಧದ ಕರಡು ಮುಗಿಸಿದ ದಿನ ಮಾವನ ಮನೆಯಲ್ಲಿ ಕೊಬ್ಬರಿ ಒಡೆಯುತ್ತಿದ್ದರು. ಜಗುಲಿಯ ತುಂಬ ಕರಟದ ಪುಡಿ. ಒಳ್ಳೇದು ಒಂದು ಚೀಲಕ್ಕೆ, ಕೌಟು ಇನ್ನೊಂದಕ್ಕೆ. ನಾನು ರಸವಿಘ್ನದ ಭಾಗವನ್ನು ಗಟ್ಟಿಯಾಗಿ ಓದಿದೆ. ಮಾವ ಒಂದು ಉಂಡೆಯನ್ನು ಮೂಗಿಗೆ ಹಿಡಿದು, ಸ್ವಲ್ಪ ಯೋಚಿಸಿ, ಕೌಟಿನ ಚೀಲಕ್ಕೆ ಹಾಕಿದರು.

‘ಟೀವೀಲಿ ಆ ಹಾವಿನ ಪಿಚ್ಚರ್ ಹಾಕವ್ರಂತೆ’ ಎಂದರು.

‘ಯಾವುದು ಮಾವ? ಹಳೇದಾ, ಹೊಸದಾ?’

‘ಹೊಸದು.’ ಟವೆಲ್ಲನ್ನು ಸುರುಳಿ ಸುತ್ತಿ ತಲೆಗಿಟ್ಟುಕೊಂಡು ಟೀವಿಯ ಮುಂದೆ ಅಡ್ಡಾದರು. ‘ಗ್ರಾಫಿಕ್ಸು ಎಲ್ಲ ಬ್ಯಾಡ. ಕೊನೇಲಿ ವಿಷ್ಣು ಬತ್ತನಲ್ಲ, ಆವಾಗ ಎಬ್ಬಿಸು.’