ತಲೆ ನಿಮ್ಮದು, ಬಂಡವಾಳ ಸಾಹುಕಾರನದು

ಬೌದ್ಧಿಕ ಬಂಡವಾಳವನ್ನು ವ್ಯಾಪಾರದಲ್ಲಿ ದುಡಿಸಿಕೊಳ್ಳುವುದು ಹೇಗೆಂದು ಕಲಿಯಲು ಬೆಂಗಳೂರಿನ ದೊಡ್ಡ ಹೋಟೆಲುಗಳ ಕಾರ್ಯಾಗಾರಕ್ಕೆ ದುಡ್ಡು ಸುರಿಯಬೇಕಿಲ್ಲ. ತಮಿಳುನಾಡಿನ ಶಂಕಗಿರಿಯ ಬಸ್ಸು ಹತ್ತಿ. ಕೋಟೆ, ಸಿಮೆಂಟು, ಲಾರಿಗಳನ್ನು ದಾಟಿ ಎಡಪ್ಪಾಡಿ, ಎಳಂಪಿಳ್ಳೈ, ಸೇಲಂ ಸೀಮೆಯ ನೇಕಾರ ದೇವಾಂಗರ ಕೇರಿ ಹೊಗಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಗುಡಿಯಲ್ಲಿ ಚೌಡೇಶ್ವರಿ, ನಡುಮನೆಯಲ್ಲಿ ಮಗ್ಗ. ಬಂಡವಾಳವೆಲ್ಲ ತಲೆಯಲ್ಲೇ ಇದೆ. ಲಾಭ ಎಲ್ಲಿದೆ ಎಂದು ಮಾತ್ರ ಕೇಳಬೇಡಿ, ಪಾಪ.

ಸ್ವೀಡನ್ನಿನ ಸ್ಕಾಂಡಿಯಾ ವಿಮಾ ಕಂಪನಿ ನೌಕರರ ತಿಳಿವಳಿಕೆಯನ್ನೂ ಎಣಿಸಿ 1994ರ ವಾರ್ಷಿಕ ವರದಿಗೊಂದು ಪುರವಣಿ ಅಂಟಿಸಿತು. ಜಗತ್ತು ಚಪ್ಪಾಳೆ ತಟ್ಟಿತು. ನಮ್ಮ ಇನ್ಫೋಸಿಸ್ ಕೂಡ ಸಿಬ್ಬಂದಿಗೆ ರೂಪಾಯಿಯಲ್ಲಿ ಬೆಲೆ ಕಟ್ಟಿ ವರ್ಷಗಟ್ಟಲೆ ಅಚ್ಚು ಹಾಕಿಸಿತು. ಹಾಸಿನ ಎಳೆ ಎಲ್ಲಿ ಸಡಿಲವಾದರೆ ಅಂಚು ಎಲ್ಲಿ ಸೊಟ್ಟಗಾದೀತೆಂದು ಬೆರಳಲ್ಲೇ ಬಲ್ಲ ನೇಕಾರನಿಗೆ ಅಂಥ ಪುರವಣಿ ಇಲ್ಲ. ಅವನದು ಕುಲಕಸುಬು. ಹುಟ್ಟಿನಿಂದ ಬಂದದ್ದಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೇ?

ಸಾಹುಕಾರನ ತಂತ್ರ ಸರಳ. ನೂಲನ್ನು ತೂಗಿ ಕೊಡುತ್ತಾನೆ, ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಾನೆ. ಜಾಣ್ಮೆಯನ್ನು ತೂಗುವ ತಕ್ಕಡಿ ಅಂಗಡಿಯಲ್ಲಿಲ್ಲ. ಪಕ್ಕದಲ್ಲಿ ಕೂತು ಕಂಡಿಕೆ ಸುತ್ತಿದ ಹೆಂಡತಿಯ ದುಡಿಮೆಯೂ ಗಂಡನ ಕೂಲಿಯಲ್ಲೇ ಸೇರಿಹೋಯಿತು. ಒಂದು ಕೊಂಡರೆ ಒಂದು ಉಚಿತ ಎಂಬ ಯೋಜನೆಯನ್ನು ಮಾಲ್‌ಗಳು ಕಲಿತದ್ದು ಇಲ್ಲಿಂದಲೇ ಇರಬೇಕು.

ಸರ್ಕಾರ ಸುಮ್ಮನಿಲ್ಲ. ವೆಣ್ಪಟ್ಟು ಎನ್ನುವ ಸೇಲಂ ರೇಷ್ಮೆಗೆ 1999ರ ಕಾಯ್ದೆಯಡಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಊರಿನ ಹೆಸರಿಗೆ ರಕ್ಷಣೆ ಬಂತು. ನೇಕಾರ ಆ ಹೆಸರನ್ನು ಹಕ್ಕಿನಿಂದ ಬಳಸಬೇಕಾದರೆ 'ಅಧಿಕೃತ ಬಳಕೆದಾರ'ನಾಗಲು ಅರ್ಜಿ ಗುಜರಾಯಿಸಬೇಕು. ತನ್ನ ಅಜ್ಜ ಗಳಿಸಿಕೊಟ್ಟ ಹೆಸರಿಗೆ ತಾನೇ ಅರ್ಜಿದಾರ! ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯೂ ಇದೆ. ಅದನ್ನು ಓದಲು ವಿದ್ಯುತ್ ಮಗ್ಗಗಳಿಗೆ ಪುರುಸೊತ್ತಿಲ್ಲ.

ಲೆಕ್ಕಪತ್ರದ ನಿಯಮವೂ ಸಾಹುಕಾರನ ಕಡೆಗೇ. ಕಂಪನಿ ತಾನೇ ಬೆಳೆಸಿದ ಬ್ರ್ಯಾಂಡಿಗೆ, ಕೆಲಸಗಾರರ ಕೌಶಲಕ್ಕೆ ಆಸ್ತಿಪಟ್ಟಿಯಲ್ಲಿ ಜಾಗವಿಲ್ಲ. ಬ್ರ್ಯಾಂಡನ್ನು ಬೇರೆಯವರು ಕೊಂಡರೆ ಅದೇ ಆಸ್ತಿ. ನೇಕಾರನ ಮಗ ಈ ಪಾಠವನ್ನು ಯಾವ ಸಲಹೆಗಾರನ ನೆರವೂ ಇಲ್ಲದೆ ಕಲಿತಿದ್ದಾನೆ: ಮಗ್ಗ ಬಿಟ್ಟು ಐಟಿ ಕಂಪನಿ ಸೇರಿದ ದಿನವೇ ತಲೆಗೆ ಬೆಲೆ.

ಸಾಹುಕಾರರೇ, ಕೂಲಿ ಚೀಟಿಯಲ್ಲಿ ಕಸುಬಿನ ಜಾಣ್ಮೆಗೆಂದು ಒಂದು ಸಾಲು ಸೇರಿಸಿ. ಎದುರಿಗೆ ಸೊನ್ನೆ ಬರೆಯಬೇಡಿ.