ಶೀತಯಂತ್ರ ಮೀಮಾಂಸೆ: ಚಾಮರಾಜಪುರಂ ಶಾಖೆ

ಬೇಸಗೆಗೆ ಮುನ್ನ ಮನೆಯ ಎ.ಸಿ.ಯನ್ನು ಅಣಿಗೊಳಿಸುವ ವಿಧಿಯ ಬಗ್ಗೆ ಪ್ರಾಚೀನರು ಏನಾದರೂ ಹೇಳಿದ್ದಾರೆಯೇ ಎಂದು ಹುಡುಕಹೊರಟವನಿಗೆ ಮೊದಲು ಎದುರಾಗುವುದು ಒಂದು ಪ್ರಲೋಭನೆ. ಮೈಸೂರಿನ ಚಾಮರಾಜಪುರಂನಿಂದ ನಡೆದೇ ಹೋಗಬಹುದಾದ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಸೀತಾಧ್ಯಕ್ಷ’ನೆಂಬ ಅಧಿಕಾರಿಯಿದ್ದಾನೆ. ಲಿಪಿಕಾರನ ಕೈದೋಷದಿಂದ ಶಕಾರ ಸಕಾರವಾಯಿತೆಂದು ವಾದಿಸಿ, ಈತನನ್ನು ಮೌರ್ಯರ ಎ.ಸಿ. ಇಲಾಖೆಯ ಮುಖ್ಯಸ್ಥನನ್ನಾಗಿ ಮಾಡುವುದೇನೂ ಕಷ್ಟವಲ್ಲ. ಇದಕ್ಕಿಂತ ಬಡಕಲು ಆಧಾರದ ಮೇಲೆ ಪಿಎಚ್.ಡಿ.ಗಳು ನಿಂತಿವೆ. ಆದರೆ ಸೀತಾ ಎಂದರೆ ನೇಗಿಲ ಸಾಲು. ಆತ ಬೇಸಾಯದ ಅಧಿಕಾರಿ. ಆದ್ದರಿಂದ ಶಬ್ದಪ್ರಮಾಣವನ್ನು ಕೈಬಿಟ್ಟು, ಪ್ರತ್ಯಕ್ಷ ಮತ್ತು ಅನುಮಾನಗಳನ್ನಷ್ಟೇ ನೆಚ್ಚಿ ಈ ಪ್ರಬಂಧ ಸ್ಥಾಪಿಸಹೊರಟಿರುವುದು ಇಷ್ಟು: ಚಾಮರಾಜಪುರಂನಲ್ಲಿ ಎ.ಸಿ. ಇರುವುದು ಸಿದ್ಧಪಡಿಸುವುದಕ್ಕೆ, ಹಾಕಿಕೊಳ್ಳುವುದಕ್ಕಲ್ಲ.

ಮೊದಲ ಪ್ರಮಾಣ ಪಕ್ಷಿಶಾಸ್ತ್ರದ್ದು. ಮಾರ್ಚ್ ತಿಂಗಳಲ್ಲಿ ಔಟ್‌ಡೋರ್ ಯೂನಿಟ್ಟಿನ ಹಿಂದಿನ ಸಂದಿಗೆ ಟಾರ್ಚ್ ಬಿಟ್ಟರೆ ತೆಂಗಿನ ಕಡ್ಡಿ, ಪೊರಕೆಯ ಎಳೆ, ತುಂಡು ವೈರು ಸೇರಿಸಿ ಕಟ್ಟಿದ ಗೂಡೊಂದು, ಅದರ ಸುತ್ತ ಸುಣ್ಣದಂತೆ ಗಟ್ಟಿಯಾದ ಹಿಕ್ಕೆ ಕಾಣುತ್ತವೆ. ಪಾರಿವಾಳದ ಮೊಟ್ಟೆ ಒಡೆಯಲು ಸುಮಾರು 18 ದಿನ ಬೇಕು. ಮರಿ ಹಾರಲು ಅದರ ಮೇಲೆ ಇನ್ನೊಂದು ತಿಂಗಳು. ಗಡಗಡ ನಡುಗುತ್ತ ಬಿಸಿಗಾಳಿ ಉಗುಳುವ ಪೆಟ್ಟಿಗೆಯ ಮಗ್ಗುಲಲ್ಲಿ ಯಾವ ತಾಯಿಯೂ ನೆಮ್ಮದಿಯಾಗಿ ಕಾವು ಕೂರಲಾರಳು. ಹೀಗಾಗಿ ಒಂದು ಗೂಡಿಗೆ ಏಳು ವಾರದ ಮೌನವೆಂದು ಲೆಕ್ಕ. ಅದರಡಿ ಇನ್ನೊಂದು ಗೂಡು ಸಿಕ್ಕರೆ ಹಿಂದಿನ ರಾಜವಂಶವೆಂದು ತಿಳಿಯತಕ್ಕದ್ದು. ಇನ್ನು ಒಳಗಿನ ಫಿಲ್ಟರ್. ಯಂತ್ರ ಓಡಿದಷ್ಟೂ ಅದರಲ್ಲಿ ದೂಳು ಕೂರಬೇಕು. ಹಗಲಿರುಳು ಓಡುವ ಕಡೆ ಎರಡು ವಾರಕ್ಕೊಮ್ಮೆ ತೊಳೆಯಬೇಕಾದ ಜಾಲರಿಯಿದು. ಇಲ್ಲಿ ಅದನ್ನು ಎಳೆದು ನೋಡಿದರೆ, ಹೋದ ವರ್ಷ ತೊಳೆದು ಮರದ ನೆರಳಿನಲ್ಲಿ ಒಣಗಹಾಕಿದಾಗ ಅಂಟಿದ ಹೊಂಗೆ ಹೂವಿನ ಎಸಳು ಇನ್ನೂ ಅಲ್ಲೇ ಇದೆ.

ಎರಡನೆಯದು ಗಣಿತ. ಸ್ಟಾರ್ ಗುರುತಿನ ಹೊಸ ಎ.ಸಿ.ಗಳು ಹಾಕಿದೊಡನೆ 24 ಡಿಗ್ರಿಗೆ ನಿಲ್ಲಬೇಕೆಂಬ ಕೇಂದ್ರ ಸರ್ಕಾರದ ನಿಯಮ 2020ರ ಜನವರಿ 1ರಿಂದ ಜಾರಿಯಲ್ಲಿದೆ. ಗಾಯತ್ರಿಗೂ 24 ಅಕ್ಷರ ಎಂಬುದು ಈ ಬಡಾವಣೆಯ ಕಣ್ಣು ತಪ್ಪುವ ವಿಷಯವಲ್ಲ. ಆದರೆ ಅದಕ್ಕಿಂತ ಆಳವಾಗಿ ನಾಟಿರುವುದು ಇಂಧನ ದಕ್ಷತೆಯ ಬ್ಯೂರೋದವರು ಹೇಳುವ ಇನ್ನೊಂದು ಮಾತು: ಡಿಗ್ರಿಯೊಂದನ್ನು ಏರಿಸಿದರೆ ಕರೆಂಟಿನಲ್ಲಿ ಸುಮಾರು ಶೇ 6ರಷ್ಟು ಉಳಿತಾಯ. ಹಾಗಾದರೆ 17 ಡಿಗ್ರಿ ಏರಿಸಿ 41ಕ್ಕೆ ಇಟ್ಟಲ್ಲಿ ಶೇ 102 ಉಳಿದು, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ ಗ್ರಾಹಕನಿಗೆ ಬಾಕಿ ಬೀಳುತ್ತದೆ. ದುರದೃಷ್ಟಕ್ಕೆ ರಿಮೋಟು 30ಕ್ಕೇ ನಿಂತುಬಿಡುತ್ತದೆ. ಮಿಕ್ಕ 11 ಡಿಗ್ರಿಯನ್ನು ಸ್ವಿಚ್ ಆರಿಸಿ ಸಾಧಿಸಬೇಕು, ಸಾಧಿಸುತ್ತಿದ್ದಾರೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಹಾಕದಿದ್ದರೆ ವರ್ಷ ವರ್ಷ ಗ್ಯಾಸ್ ಖಾಲಿಯಾಗುವುದು ಹೇಗೆ? ಇದು ಅಡುಗೆ ಸಿಲಿಂಡರಿನ ಅನುಭವದಿಂದ ಹುಟ್ಟಿದ ಭ್ರಮೆ. ಎ.ಸಿ.ಯ ಗ್ಯಾಸು ಉರಿಯುವುದಿಲ್ಲ, ಸವೆಯುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆಯೆಂದೇ ಅರ್ಥ, ಅದನ್ನು ಬೆಸೆಯದೆ ಮತ್ತೆ ತುಂಬಿಸುವುದು ತೂತು ಮಡಕೆಗೆ ನೀರು ಹೊತ್ತಂತೆ. ಸರಿ, ಬೆಂಗಳೂರಿನ ಅಳಿಯ ಬಂದಾಗ ಹಾಕುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ, ಮತ್ತು ಇದು ಗಟ್ಟಿಯಾದದ್ದು. ಉತ್ತರ ಮೀಮಾಂಸಕರಲ್ಲೇ ಇದೆ. ಕರ್ಮಗಳಲ್ಲಿ ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆ. ಬೇಸಗೆಯ ಸರ್ವಿಸ್ ನಿತ್ಯ, ಬಿಟ್ಟರೆ ಪಾಪ. ಅಳಿಯನಿಗಾಗಿ ಹಾಕುವುದು ನೈಮಿತ್ತಿಕ, ಅದೂ ಹತ್ತು ನಿಮಿಷಕ್ಕೊಮ್ಮೆ ಅತ್ತೆಯವರು ಬಾಗಿಲು ತೆರೆದು “ಚಳಿಯಾಗ್ತಿಲ್ಲ ತಾನೇ ಅಳಿಯಂದ್ರೇ?” ಎಂದು ವಿಚಾರಿಸುವವರೆಗೆ. ತನಗೆ ಸೆಕೆಯಾಯಿತೆಂದು ತಾನೇ ಹಾಕಿಕೊಳ್ಳುವುದು ಕಾಮ್ಯ, ಅದಕ್ಕೆ ಈ ಶಾಖೆಯಲ್ಲಿ ಮನ್ನಣೆಯಿಲ್ಲ. ಅಷ್ಟಕ್ಕೂ 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಈ ಯಂತ್ರವನ್ನು ರೂಪಿಸಿದ್ದು ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ಕಾಗದ ತೇವಕ್ಕೆ ಹಿಗ್ಗದಿರಲೆಂದು. ಮನುಷ್ಯ ನಡುವೆ ನುಗ್ಗಿದವನು.

ಹಾಗಾದರೆ ಹಾಕದ ಯಂತ್ರ ತಂಪು ಮಾಡುವ ಬಗೆ ಯಾವುದು? ಒಂದು ಟನ್ನಿನ ಎ.ಸಿ. ಎಂದಾಗ ಟನ್ನು ಅದರ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುತ್ತ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಅದು ಹೊರದಬ್ಬಬಲ್ಲದು. ಎತ್ತರದ ಮಾಳಿಗೆಯ ಹಳೆಯ ಮನೆ ಹೋಗಿ ಕಾದ ಕಾಂಕ್ರೀಟಿನಡಿ ಮಲಗುವ ಕಾಲದಲ್ಲಿ, ತಲೆಯ ಮೇಲೆ ಒಂದು ಟನ್ ಮಂಜು ಕರಗದೆ ಕೂತಿದೆ, ಬೇಕೆಂದಾಗ ಸಿಗುತ್ತದೆ ಎಂಬ ಅರಿವಿನಿಂದಲೇ ಅರ್ಧ ಬೆವರು ಆರುತ್ತದೆ. ಸರ್ವಿಸ್ ಆಗಿಲ್ಲವೆಂದರೆ ಈ ಅರಿವು ಸುಳ್ಳಾಗುತ್ತದೆ. ಆದ್ದರಿಂದಲೇ ಮೆಕ್ಯಾನಿಕ್ ಎಂಸಿಬಿ ಆರಿಸಿ, ಗೋಡೆಗೆ ಪ್ಲಾಸ್ಟಿಕ್ ಜೋಳಿಗೆ ಕಟ್ಟಿ, ಕಾಯಿಲಿಗೆ ಪಂಪಿನಿಂದ ನೀರು ಹೊಡೆದು, ಪಾಚಿ ಕಟ್ಟಿದ ಡ್ರೈನ್ ಪೈಪು ಊದಿ, ಹೊರಗಿನ ಗೂಡನ್ನು ತೆಗೆದು ಜಾಲಿಯ ಹಿಕ್ಕೆ ಕೆರೆಯುವವರೆಗೆ ಯಜಮಾನರು ಕೆಳಗೆ ಏಣಿ ಹಿಡಿದು ನಿಂತಿರುತ್ತಾರೆ. ಕೊನೆಗೆ 16ಕ್ಕೆ ಇಟ್ಟು ಹದಿನೈದು ನಿಮಿಷ ಪರೀಕ್ಷೆ. ಪೈಪಿನ ಬಾಯಲ್ಲಿ ಹನಿ ಕಂಡರೆ ಎಲ್ಲರ ಮುಖದಲ್ಲೂ ಸಮಾಧಾನ. ಬಕೆಟ್ಟಿಗೆ ಬಿದ್ದ ಅರ್ಧ ಚೊಂಬು ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು ಎ.ಸಿ. ಆರಿಸುತ್ತಾರೆ. ಏಣಿಯನ್ನು ಗೋಡೆಯಿಂದ ಇಳಿಸುವಷ್ಟರಲ್ಲಿ ಎದುರು ಮನೆಯ ಸಜ್ಜದ ಮೇಲೆ ಪಾರಿವಾಳವೊಂದು ಬಾಯಲ್ಲಿ ಕಡ್ಡಿ ಹಿಡಿದು ಕಾಯುತ್ತಿರುತ್ತದೆ.